ಬಯಲಾದ ಅಜ್ಜಿ

ಅಜ್ಜಿಯನ್ನು ಮಣ್ಣು ಮಾಡಿದಾಗ ನನಗೆ ಹನ್ನೊಂದು ವರ್ಷ. ನಾವು ಲಿಂಗಾಯತರು, ಸುಡುವುದಿಲ್ಲ. ಕುಣಿಯೊಳಗೆ ಕೊರೆದ ಗೂಡಿನಲ್ಲಿ ಅವಳನ್ನು ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಪತ್ರೆ ಏರಿಸಿ ಮಣ್ಣು ಮುಚ್ಚಿದರು. ದಿನಾ ನಸುಕಿನಲ್ಲಿ ಅದೇ ಅಂಗೈಯಲ್ಲಿ ಅದೇ ಲಿಂಗ ಹಿಡಿದು ರೆಪ್ಪೆ ಬಡಿಯದೆ ನೋಡುತ್ತಾ ಕೂರುತ್ತಿದ್ದವಳು ಅವಳು. ಲಿಂಗದ ಕಪ್ಪು ಲೇಪದಲ್ಲಿ ದೀಪದ ಕುಡಿ ಎಳ್ಳುಕಾಳಿನಷ್ಟೇ ಆಗಿ ಹೊಳೆಯುತ್ತಿತ್ತು.

ಮನೆಗೆ ಮರಳುವಾಗ ಹಿರಿಯರೊಬ್ಬರು, "ಜೀವ ಬಯಲಾತು" ಅಂದರು. ನನಗೆ ಗೊತ್ತಿದ್ದ ಬಯಲು ಊರ ಮುಂದಿನದು. ಸುಗ್ಗಿ ಮುಗಿದ ಮೇಲೆ ಬಯಲಾಟ ಆಡುವ ಜಾಗ. ಅಜ್ಜಿ ಅದಾದದ್ದು ಹೇಗೆ?

ಅಲ್ಲಮಪ್ರಭುವಿನ ವಚನಗಳನ್ನು ಹಿಡಿದು ಕೂತ ಮೇಲೆ ಆ ಮಾತು ಮೆಲ್ಲಗೆ ತೆರೆದುಕೊಂಡಿತು. ಹನ್ನೆರಡನೆಯ ಶತಮಾನದ ಶರಣರು ಭಕ್ತನಿಂದ ಐಕ್ಯದವರೆಗೆ ಆರು ಸ್ಥಲ ಹೇಳಿದರು. ಕೊನೆಯದರಲ್ಲಿ ಪೂಜಿಸುವವನೂ ಪೂಜೆಗೊಳ್ಳುವುದೂ ಎರಡಾಗಿ ಉಳಿಯುವುದಿಲ್ಲ. ಇದನ್ನು ಕಂಡುಂಡ ಅರಿವಿಗೆ ಅವರಿಟ್ಟ ಹೆಸರು ಅನುಭಾವ. ಅನುಭವಕ್ಕೊಂದು ದೀರ್ಘ ಸೇರಿದೆ, ಅಷ್ಟೆ. ಆದರೆ ಬಿಸಿಲು, ಹಸಿವು, ನೋವಿನ ಅನುಭವದಲ್ಲಿ 'ನಾನು' ಇದ್ದೇ ಇರುತ್ತದೆ, ಅನುಭಾವದಲ್ಲಿ ಆ 'ನಾನು' ಕರಗುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದವಾಗಿ ಪೋಣಿಸಿ 'ಶೂನ್ಯಸಂಪಾದನೆ' ಎಂದು ಕರೆದ. ಗಳಿಸಬೇಕಾದದ್ದು ಶೂನ್ಯ! ಈ ಹೆಸರಿನ ಮುಂದೆ ನಾನು ಇವತ್ತಿಗೂ ಬೆರಗಾಗಿ ನಿಲ್ಲುತ್ತೇನೆ.

ಶರಣರು ಬಯಲು ಎಂದೂ ಕರೆದ ಈ ಶೂನ್ಯವೆಂದರೆ ಏನೂ ಇಲ್ಲ ಎಂದಲ್ಲ. ಗೋಡೆ ಬಿದ್ದ ಮೇಲೆ ಒಳಗು ಹೊರಗು ಅನ್ನುವ ಲೆಕ್ಕ ಹೋಗುತ್ತದೆ, ಜಾಗ ಹೋಗುವುದಿಲ್ಲ. ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯತೆಯನ್ನೂ ಇದರ ಜೊತೆಗೆ ಕಟ್ಟಿಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ಇಲ್ಲ, ಇನ್ನೊಂದನ್ನು ಆಶ್ರಯಿಸಿಯೇ ಇದೆ ಎಂಬುದು ಅವನ ವಿಚಾರ. ಅಲ್ಲಿ ಯಾವ ಲಿಂಗದೊಡನೆಯೂ ಒಂದಾಗುವ ಮಾತಿಲ್ಲ.

ಸೂಫಿಗಳ 'ಫನಾ' ಹೆಚ್ಚು ಹತ್ತಿರದ್ದು. ದೇವರಲ್ಲಿ ತಾನು ಅಳಿಯುವುದು ಫನಾ. ಅಲ್ಲಿಗೇ ಮುಗಿಯುವುದಿಲ್ಲ, ಅಳಿದ ಮೇಲೆ ಅವನಲ್ಲೇ ನೆಲೆನಿಂತು ಮತ್ತೆ ಜನರ ನಡುವೆ ಬಾಳುವುದು 'ಬಕಾ'. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಸೂಫಿ ಗುರು ಜುನೈದ್ ಒತ್ತಿ ಹೇಳಿದ್ದು ಈ ಎರಡನೆಯದನ್ನು. ಉನ್ಮಾದಕ್ಕಿಂತ ಎಚ್ಚರ ದೊಡ್ಡದು ಎಂಬುದು ಅವರ ನಿಲುವು.

ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಒಮ್ಮೆ ಉರುಸಿಗೆ ಹೋಗಿದ್ದೆ. ಉರುಸ್ ಎಂಬ ಅರಬ್ಬಿ ಮಾತಿಗೆ ಮದುವೆ ಎಂದರ್ಥ. ಸಂತ ತೀರಿದ ದಿನವೇ ಅವನು ಪ್ರಿಯನನ್ನು ಕೂಡಿದ ದಿನ. ಶರಣ ಸತಿ, ಲಿಂಗ ಪತಿ ಎಂದು ನಮ್ಮಲ್ಲೂ ಹೇಳುತ್ತಾರಲ್ಲ. ಚಾದರ ಹೊತ್ತವರ ಸಾಲಿನಲ್ಲಿ ನಿಂತಾಗ ಆ ಕುಣಿಯ ಗೂಡು ಕಣ್ಣ ಮುಂದೆ ಬಂತು. ಅಜ್ಜಿ ತೀರಿದಾಗ ಅಜ್ಜ ಇನ್ನೂ ಇದ್ದರು, ಅವಳು ಮುತ್ತೈದೆಯಾಗಿಯೇ ಹೋದಳು. ಲಿಂಗ ಹಿಡಿದ ಅಜ್ಜಿಯ ಕೈತುಂಬ ಆ ದಿನ ಹೊಸ ಹಸಿರು ಬಳೆ ಇದ್ದವು.