ದೂರವಾಣಿ ಕದ್ದಾಲಿಕೆ ಮತ್ತು ಕಾನೂನು

ಪರರ ಮಾತಿಗೆ ಮರೆಯಲ್ಲಿ ನಿಂತು ಕಿವಿಗೊಡುವುದು ಸಭ್ಯರಿಗೆ ತಕ್ಕ ನಡತೆಯಲ್ಲ. ಆದರೆ ರಾಜ್ಯಭಾರಕ್ಕೆ ಸಂಬಂಧಿಸಿದಂತೆ ಈ ನಿಯಮವು ಯಾವ ಕಾಲದಲ್ಲಿಯೂ ಪೂರ್ಣವಾಗಿ ನಡೆದುಬಂದಿಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಗೂಢಚಾರರ ವಿಚಾರಕ್ಕೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದೆ. ಶತ್ರುವಿನ ಸಂಚನ್ನು ಮುಂಚಿತವಾಗಿ ಅರಿಯಲಾರದ ರಾಜ್ಯವು ತನ್ನ ಪ್ರಜೆಗಳನ್ನು ಕಾಪಾಡಲಾರದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಯಾರ ಮಾತನ್ನು ಕೇಳಬಹುದು, ಯಾರ ಅಪ್ಪಣೆಯಿಂದ ಕೇಳಬೇಕು, ಎಷ್ಟು ದಿನ ಕೇಳಬಹುದು, ಹಾಗೆ ಕೇಳಿದುದು ನ್ಯಾಯವೋ ಅಲ್ಲವೋ ಎಂದು ಅನಂತರ ಪರಿಶೀಲಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಮಾತ್ರ ಒಮ್ಮತದ ಉತ್ತರ ಇನ್ನೂ ದೊರೆತಿಲ್ಲ.

ಕದ್ದಾಲಿಕೆಯ ಪ್ರಯೋಜನವೇನೆಂಬುದು ಮುಂಬಯಿಯ ದುರಂತದಲ್ಲಿ ಸ್ಪಷ್ಟವಾಗಿ ಕಂಡುಬಂದಿತು. 2008ರ ನವೆಂಬರ್ 26ರ ರಾತ್ರಿ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ ಭಯೋತ್ಪಾದಕರು ಆ ನಗರದ ರೈಲುನಿಲ್ದಾಣ, ಹೋಟೆಲು, ಆಸ್ಪತ್ರೆ ಮೊದಲಾದೆಡೆ ದಾಳಿ ನಡೆಸಿದರು. 166 ಜನರು ಪ್ರಾಣ ಕಳೆದುಕೊಂಡರು. ಕಟ್ಟಡಗಳೊಳಗೆ ಅಡಗಿದ್ದ ದಾಳಿಕಾರರು ಪಾಕಿಸ್ತಾನದಲ್ಲಿದ್ದ ತಮ್ಮ ಸೂತ್ರಧಾರರೊಡನೆ ದೂರವಾಣಿಯಲ್ಲಿ ಮಾತನಾಡುತ್ತ, ಮುಂದೇನು ಮಾಡಬೇಕೆಂಬ ಸೂಚನೆಗಳನ್ನು ಪಡೆಯುತ್ತಿದ್ದರು. ಪೊಲೀಸರು ಆ ದೂರವಾಣಿ ಸಂಖ್ಯೆಗಳನ್ನು ಪತ್ತೆಹಚ್ಚಿ ಸಂಭಾಷಣೆಗಳನ್ನು ಧ್ವನಿಮುದ್ರಿಸಿಕೊಂಡರು. ಸೆರೆಸಿಕ್ಕಿದ ಅಜ್ಮಲ್ ಕಸಬನ ಮೊಕದ್ದಮೆಯಲ್ಲಿ ಇವೇ ಮುಖ್ಯ ಸಾಕ್ಷ್ಯಗಳಲ್ಲೊಂದಾದುವು. 2012ರಲ್ಲಿ ಅವನ ಮರಣದಂಡನೆಯನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು ಈ ಸಂಭಾಷಣೆಗಳನ್ನು ವಿಸ್ತಾರವಾಗಿ ಚರ್ಚಿಸಿತು.

ಇಂತಹ ಅಧಿಕಾರವನ್ನು ಭಾರತದಲ್ಲಿ ಸರ್ಕಾರಕ್ಕೆ ಕೊಟ್ಟದ್ದು 1885ರ ತಂತಿ ಕಾಯಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ರೂಪುಗೊಂಡ ಈ ಕಾಯಿದೆಯ 5ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ತುರ್ತುಸ್ಥಿತಿಯಲ್ಲಿ ಅಥವಾ ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ ಸರ್ಕಾರವು ಸಂದೇಶಗಳನ್ನು ತಡೆಹಿಡಿಯಬಹುದಾಗಿತ್ತು. 1972ರ ತಿದ್ದುಪಡಿಯು ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆಯ ತಡೆ ಎಂಬ ಐದು ಕಾರಣಗಳನ್ನು ನಿರ್ದಿಷ್ಟವಾಗಿ ಹೆಸರಿಸಿತು. ತಂತಿ ಸೇವೆಯೇ 2013ರ ಜುಲೈ ತಿಂಗಳಲ್ಲಿ ದೇಶದಲ್ಲಿ ಕೊನೆಗೊಂಡಿತು. ಆದರೂ ತಂತಿಯ ಹೆಸರಿನ ಈ ಕಾಯಿದೆಯು ಇನ್ನೂ ಹತ್ತು ವರ್ಷಗಳಿಗೂ ಮೀರಿ ಮೊಬೈಲು ದೂರವಾಣಿಗಳ ಮಾತನ್ನು ಆಳಿತು. ಯಂತ್ರಗಳು ಬದಲಾದಷ್ಟು ಬೇಗನೆ ಕಾನೂನುಗಳು ಬದಲಾಗುವುದಿಲ್ಲ.

ಅಧಿಕಾರವಿದ್ದ ಮೇಲೆ ಅದರ ದುರುಪಯೋಗದ ಶಂಕೆಯೂ ತಪ್ಪಿದ್ದಲ್ಲ. 1986ರಲ್ಲಿ ಅಂಚೆಯ ಕಾಗದಗಳನ್ನು ತಡೆಹಿಡಿಯುವ ಅಧಿಕಾರವನ್ನು ವಿಸ್ತರಿಸುವ ಮಸೂದೆಯೊಂದನ್ನು ಸಂಸತ್ತು ಅಂಗೀಕರಿಸಿತು. ರಾಷ್ಟ್ರಪತಿ ಜೈಲ್ ಸಿಂಗರು ಅದಕ್ಕೆ ಸಹಿ ಮಾಡಲಿಲ್ಲ. ಅದು ಕಾಯಿದೆಯಾಗಲೇ ಇಲ್ಲ. ಎರಡು ವರ್ಷಗಳ ಅನಂತರ, 1988ರ ಆಗಸ್ಟ್ ತಿಂಗಳಲ್ಲಿ, ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪಗಳು ಎದ್ದ ಸಂದರ್ಭದಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ರಾಜಕಾರಣಿಗಳ ದೂರವಾಣಿಗಳ ಕದ್ದಾಲಿಕೆಯ ವಿಚಾರವು ಕೇಂದ್ರ ತನಿಖಾ ದಳದ ವರದಿಯೊಂದರ ಮೂಲಕ ದೇಶದಲ್ಲೆಲ್ಲ ಚರ್ಚೆಗೆ ಬಂದಾಗ, ‘ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್’ ಎಂಬ ಸಂಸ್ಥೆಯು 1991ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

ಈ ಮೊಕದ್ದಮೆಯ ತೀರ್ಪು ಹೊರಬಿದ್ದುದು 1996ರ ಡಿಸೆಂಬರ್ 18ರಂದು. ಮನೆಯ ಅಥವಾ ಕಚೇರಿಯ ಏಕಾಂತದಲ್ಲಿ ದೂರವಾಣಿಯ ಮೂಲಕ ನಡೆಸುವ ಮಾತುಕತೆಯು ವ್ಯಕ್ತಿಯ ಖಾಸಗಿ ಬದುಕಿನ ಭಾಗವೆಂದೂ ಕಾನೂನು ವಿಧಿಸಿದ ಕ್ರಮವನ್ನು ಅನುಸರಿಸದೆ ಅದನ್ನು ಕದ್ದಾಲಿಸಿದರೆ ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆಯಾಗುವುದೆಂದೂ ನ್ಯಾಯಾಲಯವು ಸಾರಿತು. ನಿಯಮಗಳನ್ನು ರಚಿಸುವ ಅಧಿಕಾರವನ್ನು ಕಾಯಿದೆಯೇ ಕೊಟ್ಟಿದ್ದರೂ ಸರ್ಕಾರವು ಅಷ್ಟು ದೀರ್ಘ ಕಾಲದಲ್ಲಿ ಅವನ್ನು ರಚಿಸಿರಲಿಲ್ಲ. ಆದುದರಿಂದ ನ್ಯಾಯಾಲಯವೇ ಕೆಲವು ಕಟ್ಟುಪಾಡುಗಳನ್ನು ವಿಧಿಸಬೇಕಾಯಿತು. ಕದ್ದಾಲಿಕೆಯ ಆಜ್ಞೆಯನ್ನು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು. ಬೇಕಾದ ವಿಷಯವನ್ನು ಬೇರೆ ಮಾರ್ಗದಿಂದ ತಿಳಿಯಲು ಸಾಧ್ಯವೇ ಎಂಬುದನ್ನು ಮೊದಲು ಯೋಚಿಸಬೇಕು. ಆಜ್ಞೆಯು ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳನ್ನು ಮೀರಬಾರದು. ಹಿರಿಯ ಅಧಿಕಾರಿಗಳ ಸಮಿತಿಯೊಂದು ಪ್ರತಿಯೊಂದು ಆಜ್ಞೆಯನ್ನೂ ಪರಿಶೀಲಿಸಬೇಕು. ನ್ಯಾಯಾಧೀಶರ ಪೂರ್ವಾನುಮತಿ ಇರಬೇಕೆಂದು ಅರ್ಜಿದಾರರು ಕೇಳಿಕೊಂಡಿದ್ದರು. ಶಾಸನದಲ್ಲಿ ಅದಕ್ಕೆ ಅವಕಾಶವಿಲ್ಲದಿರುವಾಗ ತಾನದನ್ನು ವಿಧಿಸಲಾಗದೆಂದು ನ್ಯಾಯಾಲಯವು ಆ ಬೇಡಿಕೆಯನ್ನು ಒಪ್ಪಲಿಲ್ಲ.

ಇಷ್ಟಾದರೂ ಅಡಿಪಾಯದ ಪ್ರಶ್ನೆಯೊಂದು ಇತ್ಯರ್ಥವಾಗದೆ ಉಳಿದಿತ್ತು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಹೌದೇ ಎಂಬುದೇ ಆ ಪ್ರಶ್ನೆ. ಇದರ ಹಿಂದೆ ಉತ್ತರ ಪ್ರದೇಶದ ಖರಕ್ ಸಿಂಗನೆಂಬುವನ ಪ್ರಕರಣವಿದೆ. 1941ರಲ್ಲಿ ಡಕಾಯಿತಿಯ ಆಪಾದನೆಯ ಮೇಲೆ ಅವನನ್ನು ಹಿಡಿದಿದ್ದರು, ಸಾಕ್ಷ್ಯವಿಲ್ಲವೆಂದು ಬಿಟ್ಟಿದ್ದರು. ಆದರೆ ಪೊಲೀಸರು ಅವನ ಹೆಸರನ್ನು ತಮ್ಮ ದಫ್ತರದಲ್ಲಿ ಬರೆದಿಟ್ಟು ಅವನ ಮೇಲೆ ಕಣ್ಣಿಟ್ಟರು. ಗ್ರಾಮದ ಚೌಕಿದಾರನೂ ಒಮ್ಮೊಮ್ಮೆ ಪೊಲೀಸರೂ ರಾತ್ರಿಯ ವೇಳೆ ಬಂದು ಬಾಗಿಲು ಬಡಿದು, ಕೂಗಿ, ಅವನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರು. ಅಪರಾಧವು ಸಿದ್ಧವಾಗದವನ ಮನೆಯ ಬಾಗಿಲನ್ನು ಹೀಗೆ ಬಡಿಯಲು ರಾಜ್ಯಕ್ಕೆ ಅಧಿಕಾರವಿದೆಯೇ? 1962ರ ತೀರ್ಪಿನಲ್ಲಿ ಆರು ಮಂದಿ ನ್ಯಾಯಮೂರ್ತಿಗಳ ಪೀಠವು ರಾತ್ರಿಯ ಭೇಟಿಗಳನ್ನು ರದ್ದುಪಡಿಸಿತು. ಆದರೆ ಬಹುಮತದ ನ್ಯಾಯಮೂರ್ತಿಗಳು, ಖಾಸಗಿತನವು ಸಂವಿಧಾನವು ಭರವಸೆಯಿತ್ತ ಹಕ್ಕಲ್ಲವೆಂದು ಹೇಳಿ ಅವನ ಚಲನವಲನಗಳ ಮೇಲಣ ಕಾವಲನ್ನು ಉಳಿಸಿದರು. ಭಿನ್ನಾಭಿಪ್ರಾಯದ ತೀರ್ಪನ್ನು ಬರೆದ ನ್ಯಾಯಮೂರ್ತಿ ಸುಬ್ಬರಾವ್ ಅವರು, ಖಾಸಗಿತನವು ವ್ಯಕ್ತಿಸ್ವಾತಂತ್ರ್ಯದ ಅವಶ್ಯ ಅಂಗವೆಂದು ವಾದಿಸಿದರು. ಅವರ ಮಾತು ನೆಲೆಗೊಳ್ಳಲು 55 ವರ್ಷಗಳು ಹಿಡಿದುವು.

ಆ ಬದಲಾವಣೆಗೆ ಕಾರಣರಾದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ಸಂಗ್ರಹಿಸುವ ಆಧಾರ್ ಯೋಜನೆಯು ಆಗ ಯಾವುದೇ ಶಾಸನದ ಬೆಂಬಲವಿಲ್ಲದೆ ನಡೆಯುತ್ತಿದ್ದುದನ್ನು ಆಕ್ಷೇಪಿಸಿ ಅವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಆಗ ಅವರ ವಯಸ್ಸು 86. ವಿಚಾರಣೆಯ ಕಾಲದಲ್ಲಿ ಸರ್ಕಾರವು ಖರಕ್ ಸಿಂಗನ ಪ್ರಕರಣವನ್ನೂ ಅದಕ್ಕೂ ಹಿಂದಿನ 1954ರ ತೀರ್ಪನ್ನೂ ಮುಂದೊಡ್ಡಿದುದರಿಂದ ಪ್ರಶ್ನೆಯು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಈ ಹಕ್ಕು ನಿರಂಕುಶವಾದುದಲ್ಲ. ರಾಜ್ಯವು ಅದನ್ನು ಮಿತಗೊಳಿಸಬಹುದು. ಆದರೆ ಅದಕ್ಕೆ ಶಾಸನವಿರಬೇಕು, ಉದ್ದೇಶವು ನ್ಯಾಯವಾದುದಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂಬ ಕನ್ನಡದ ಮಾತು ಈ ಕೊನೆಯ ನಿಬಂಧನೆಯನ್ನು ಚೆನ್ನಾಗಿ ವಿವರಿಸುತ್ತದೆ.

ಮರುವರ್ಷ ಆಧಾರ್ ಕಾಯಿದೆಯ ಬಹುಭಾಗವನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಆದರೆ ರಾಷ್ಟ್ರೀಯ ಭದ್ರತೆಗಾಗಿ ಪ್ರಜೆಯ ಮಾಹಿತಿಯನ್ನು ಹೊರಗೆಡಹಲು ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿಯ ಅಪ್ಪಣೆ ಸಾಕೆಂಬ ಉಪಬಂಧವನ್ನು ರದ್ದುಮಾಡಿತು. ಇನ್ನೂ ಮೇಲ್ದರ್ಜೆಯ ಅಧಿಕಾರಿಯೊಡನೆ ನ್ಯಾಯಾಂಗಕ್ಕೆ ಸೇರಿದವರೊಬ್ಬರೂ ಇರುವುದು ಲೇಸೆಂದು ಅದರ ಅಭಿಪ್ರಾಯವಾಗಿತ್ತು.

ಇಷ್ಟರಲ್ಲಿ ಯಂತ್ರಗಳು ಬಹಳ ಮುಂದೆ ಸಾಗಿದ್ದುವು. ಹಿಂದೆ ಕದ್ದಾಲಿಕೆಗೆ ದೂರವಾಣಿ ಕಚೇರಿಯಲ್ಲಿ ತಂತಿಗೆ ತಂತಿ ಜೋಡಿಸಬೇಕಾಗಿತ್ತು. ಇಸ್ರೇಲಿನ ಕಂಪನಿಯೊಂದು ತಯಾರಿಸಿದ ‘ಪೆಗಾಸಸ್’ ಎಂಬ ತಂತ್ರಾಂಶವಾದರೋ ಮೊಬೈಲಿನೊಳಕ್ಕೇ ನುಸುಳಿ, ಅದರಲ್ಲಿನ ಸಂದೇಶಗಳನ್ನೂ ಚಿತ್ರಗಳನ್ನೂ ಓದಬಲ್ಲುದು. ಅದರ ಧ್ವನಿಗ್ರಾಹಕವನ್ನು ಒಡೆಯನಿಗೆ ತಿಳಿಯದಂತೆ ತೆರೆಯಬಲ್ಲುದು. ಭಾರತದ ಪತ್ರಕರ್ತರು, ರಾಜಕಾರಣಿಗಳು ಮೊದಲಾದವರ ಮೇಲೆ ಇದರ ಪ್ರಯೋಗವಾಗಿದೆಯೆಂಬ ಆಪಾದನೆ 2021ರಲ್ಲಿ ಕೇಳಿಬಂದಾಗ, ಭದ್ರತೆಯ ಕಾರಣದಿಂದ ವಿವರಗಳನ್ನು ಬಹಿರಂಗಪಡಿಸಲಾಗದೆಂದು ಸರ್ಕಾರ ಹೇಳಿತು. ರಾಷ್ಟ್ರೀಯ ಭದ್ರತೆಯೆಂದು ಉಚ್ಚರಿಸಿದ ಮಾತ್ರಕ್ಕೆ ನ್ಯಾಯಾಲಯವು ಮೂಕಪ್ರೇಕ್ಷಕವಾಗಲಾರದೆಂದು ಸ್ಪಷ್ಟಪಡಿಸಿದ ಸರ್ವೋಚ್ಚ ನ್ಯಾಯಾಲಯವು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸಮಿತಿಯು 29 ಮೊಬೈಲುಗಳನ್ನು ಪರೀಕ್ಷಿಸಿತು. ಐದರಲ್ಲಿ ದುಷ್ಟ ತಂತ್ರಾಂಶವಿದ್ದಿತು; ಅದು ಪೆಗಾಸಸ್ ಎಂದು ನಿಶ್ಚಯವಾಗಲಿಲ್ಲ. ಸರ್ಕಾರವು ಸಹಕರಿಸಲಿಲ್ಲವೆಂಬ ಸಮಿತಿಯ ಮಾತನ್ನು 2022ರಲ್ಲಿ ಮುಖ್ಯ ನ್ಯಾಯಮೂರ್ತಿಗಳು ನ್ಯಾಯಾಲಯದಲ್ಲಿ ತಿಳಿಸಿದರು.

ಕೊನೆಗೆ ಸಂಸತ್ತು 2023ರ ಡಿಸೆಂಬರಿನಲ್ಲಿ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿತು. ಕದ್ದಾಲಿಕೆಯ ನೂತನ ನಿಯಮಗಳು 2024ರ ಡಿಸೆಂಬರಿನಲ್ಲಿ ಪ್ರಕಟವಾದುವು. ಅಪ್ಪಣೆ ಕೊಡುವವನು ಇಲ್ಲಿಯೂ ಗೃಹ ಕಾರ್ಯದರ್ಶಿ. ಪರಿಶೀಲಿಸುವವರು ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಮತ್ತು ದೂರಸಂಪರ್ಕ ಇಲಾಖೆಗಳ ಕಾರ್ಯದರ್ಶಿಗಳು. ಬ್ರಿಟನ್ನಿನಲ್ಲಿ 2016ರ ಕಾಯಿದೆಯಂತೆ ಮಂತ್ರಿಯ ಆಜ್ಞೆಗೆ ನ್ಯಾಯಾಂಗದ ಅನುಭವವುಳ್ಳ ಆಯುಕ್ತನೂ ಒಪ್ಪಿಗೆ ಕೊಡಬೇಕು. ಅಮೆರಿಕದಲ್ಲಿ ವಿದೇಶಿ ಗೂಢಚರ್ಯೆಯ ವಿಷಯಗಳಿಗೆ 1978ರ ಶಾಸನದಿಂದ ವಿಶೇಷ ನ್ಯಾಯಾಲಯವೇ ಏರ್ಪಟ್ಟಿದೆ. ಅಪಾಯದ ಹೊತ್ತಿನಲ್ಲಿ ನ್ಯಾಯಾಧೀಶರ ಬಾಗಿಲಿಗೆ ಹೋಗಿ ಕಾಯುವುದು ಕಾರ್ಯಕ್ಕೆ ವಿಘ್ನವಾದೀತು, ಗುಟ್ಟೂ ರಟ್ಟಾದೀತು ಎಂಬುದು ಭಾರತದ ಏರ್ಪಾಟನ್ನು ಸಮರ್ಥಿಸುವವರ ವಾದ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ತುರ್ತು ಪ್ರಸಂಗಗಳಲ್ಲಿ ಮೊದಲು ಕದ್ದಾಲಿಸಿ ಏಳು ಕೆಲಸದ ದಿನಗಳೊಳಗೆ ಅನುಮೋದನೆ ಪಡೆಯಲು ನಿಯಮಗಳೇ ಅವಕಾಶ ಕೊಟ್ಟಿವೆ. ಆ ಅನುಮೋದನೆಯನ್ನು ನ್ಯಾಯಾಧೀಶರಿಂದ ಪಡೆದರೆ ಆಗುವ ವಿಳಂಬವೇನೆಂಬುದಕ್ಕೆ ಸಮರ್ಪಕವಾದ ಉತ್ತರ ದೊರೆಯುವುದಿಲ್ಲ. ಆಜ್ಞೆಯನ್ನು ಕೊಡುವವರೂ ಸರ್ಕಾರದ ಕಾರ್ಯದರ್ಶಿಗಳು, ಅದನ್ನು ಅಳೆಯುವವರೂ ಕಾರ್ಯದರ್ಶಿಗಳು. ಮುಂದೆ ಬೇಕಾಗದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸಬೇಕೆಂಬ ನಿಯಮವಿದೆ. ಯಾರ ಮಾತನ್ನು ಆಲಿಸಲಾಯಿತೋ ಅವನಿಗೆ ಆ ವಿಷಯವನ್ನು ಎಂದಾದರೊಂದು ದಿನ ತಿಳಿಸಬೇಕೆಂಬ ನಿಯಮವಿಲ್ಲ.