ಯಾತ್ರೆಗೆ ಹೊರಟವರ ಕೈಯಲ್ಲಿ ಮೊಬೈಲ್ ಫೋನು



2018ರ ಮೇ ತಿಂಗಳಲ್ಲಿ ನಮ್ಮ ಧರ್ಮಕೇಂದ್ರದಿಂದ ಮೂವತ್ತೆರಡು ಮಂದಿ ರೋಮ್, ಅಸ್ಸಿಸಿ, ಲೂರ್ದು ಮತ್ತು ಫಾತಿಮಾ ಪುಣ್ಯಕ್ಷೇತ್ರಗಳ ಯಾತ್ರೆಗೆ ಹೋಗಿದ್ದೆವು. "ಹೊರದೇಶದಲ್ಲಿ ಫೋನ್ ಆನ್ ಮಾಡಿದರೆ ಸಾಕು, ಸಾವಿರಾರು ರೂಪಾಯಿ ಬಿಲ್ಲು ಬರುತ್ತದೆ" ಎಂದು ಯಾರೋ ಹೆದರಿಸಿದ್ದರಿಂದ ನಮ್ಮ ಜೊತೆಗಿದ್ದ ಒಬ್ಬ ಅಕ್ಕ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಫೋನನ್ನು ಆರಿಸಿ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ನಾಲ್ಕನೆಯ ದಿನ ನಾವು ಅಸ್ಸಿಸಿಯಲ್ಲಿದ್ದಾಗ ಯಾತ್ರೆಯ ಮುಂದಾಳುವಿನ ಫೋನಿಗೆ ಊರಿನಿಂದ ಕರೆ ಬಂತು. ಆ ಅಕ್ಕನ ಎಂಬತ್ತು ದಾಟಿದ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಗಲೇ ಎರಡು ದಿನವಾಗಿತ್ತು. ಮನೆಯವರು ಅಷ್ಟೂ ಹೊತ್ತು ಆರಿಹೋದ ಫೋನಿಗೇ ಕರೆ ಮಾಡುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬೇಕೇ ಬೇಡವೇ ಎಂದು ಕೇಳಬೇಕಾದ ಮಗಳೇ ಸಿಗಲಿಲ್ಲ. ಸಂತ ಕ್ಲಾರಾ ದೇವಾಲಯದ ಮೆಟ್ಟಿಲ ಮೇಲೆ ಕುಳಿತು ಆಕೆ ಅತ್ತದ್ದನ್ನು ನಾವು ಮರೆತಿಲ್ಲ.

ಅದೇ ಗುಂಪಿನಲ್ಲಿ ಒಬ್ಬ ಯುವಕನೂ ಇದ್ದ. ಅವನಿಗೆ ಯಾವ ಹೆದರಿಕೆಯೂ ಇರಲಿಲ್ಲ. ಫೋನು ಊರಿನಲ್ಲಿ ಹೇಗಿತ್ತೋ ಹಾಗೆಯೇ ಅಲ್ಲಿಯೂ ತೆರೆದಿತ್ತು. ಮರಳಿ ಬಂದ ಮೇಲೆ ಅವನ ಕೈಸೇರಿದ ಬಿಲ್ಲನ್ನು ತೀರಿಸಲು ಎರಡು ತಿಂಗಳ ಸಂಬಳ ಬೇಕಾಯಿತು.

ಒಬ್ಬರು ಹೆದರಿ ಮುಚ್ಚಿಟ್ಟರು, ಇನ್ನೊಬ್ಬರು ಹೆದರದೆ ತೆರೆದಿಟ್ಟರು. ನಷ್ಟ ಇಬ್ಬರಿಗೂ ಆಯಿತು. ಇವೆರಡರ ನಡುವೆ ದಾರಿ ಇಲ್ಲವೇ? ಇದೆ, ಅದು ಕಷ್ಟದ ದಾರಿಯೂ ಅಲ್ಲ. ಆದರೆ ಮನೆ ಬಿಡುವ ಮುನ್ನವೇ ಅದನ್ನು ನಿಶ್ಚಯಿಸಿಕೊಳ್ಳಬೇಕು. ರೋಮಿನ ಬೀದಿಯಲ್ಲಿ ಬಿಸಿಲಲ್ಲಿ ನಿಂತು ನಿಶ್ಚಯಿಸುವ ವಿಷಯ ಇದಲ್ಲ.

ಮೊದಲು ಈ 'ರೋಮಿಂಗ್' ಎಂಬುದೇನೆಂದು ನೋಡೋಣ. ಬೇರೆ ಧರ್ಮಕೇಂದ್ರದಲ್ಲಿ ವಿವಾಹವಾಗಲು ಹೋದವರಿಂದ ಅಲ್ಲಿನ ಗುರುಗಳು ಏನು ಕೇಳುತ್ತಾರೆ? ನಿಮ್ಮ ಸ್ವಂತ ಧರ್ಮಕೇಂದ್ರದ ಪತ್ರ ತನ್ನಿ ಎನ್ನುತ್ತಾರೆ. ಫೋನಿನ ಲೋಕದಲ್ಲೂ ಹೀಗೆಯೇ. ಪ್ರತಿಯೊಂದು ಸಿಮ್ ಕಾರ್ಡಿನೊಳಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ: ಭಾರತಕ್ಕೆ 404 ಅಥವಾ 405, ಇಟಲಿಗೆ 222. ನೀವು ರೋಮಿನಲ್ಲಿ ಇಳಿದು ಫೋನ್ ಆನ್ ಮಾಡಿದೊಡನೆ ಇಟಲಿಯ ಕಂಪನಿಯೊಂದು ಈ ಸಂಖ್ಯೆಯನ್ನು ಓದಿ, ಭಾರತದ ನಿಮ್ಮ ಕಂಪನಿಯನ್ನು "ಇವರು ನಿಮ್ಮವರೇ? ಸೇವೆ ಕೊಡಬಹುದೇ?" ಎಂದು ಕೇಳುತ್ತದೆ. ಒಪ್ಪಿಗೆ ಬಂದರೆ ಫೋನು ನಡೆಯುತ್ತದೆ. ಇಟಲಿಯ ಕಂಪನಿಯು ತನ್ನ ಲೆಕ್ಕವನ್ನು ಭಾರತದ ಕಂಪನಿಗೆ ಕಳುಹಿಸುತ್ತದೆ, ಭಾರತದ ಕಂಪನಿಯು ತನ್ನ ಪಾಲನ್ನೂ ಸೇರಿಸಿ ನಿಮಗೆ ಕಳುಹಿಸುತ್ತದೆ. ಅದಕ್ಕೇ ಅದು ದುಬಾರಿ.

"ನಾನು ಯಾರಿಗೂ ಕರೆ ಮಾಡಲಿಲ್ಲ, ಬಂದ ಕರೆಯನ್ನಷ್ಟೇ ತೆಗೆದುಕೊಂಡೆ, ಅದಕ್ಕೂ ಹಣವೇ?" ಎಂದು ಹಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ 2003ರ ಮೇ ತಿಂಗಳವರೆಗೆ ಬಂದ ಕರೆಗೂ ಹಣ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆಮೇಲೆ ಕರೆ ಮಾಡಿದವರೇ ಕೊಡಬೇಕೆಂಬ ಪದ್ಧತಿ ಬಂತು, ನಾವು ಹಳೆಯದನ್ನು ಮರೆತೆವು. ಹೊರದೇಶದಲ್ಲಿ ಆ ಹಳೆಯ ಲೆಕ್ಕವೇ ಮರಳಿ ಬರುತ್ತದೆ. ಊರಿನ ತಮ್ಮ ನಿಮ್ಮ ಸಂಖ್ಯೆಗೆ ಕರೆ ಮಾಡಿದಾಗ ನೀವು ಇಟಲಿಯಲ್ಲಿರುವುದು ಅವನಿಗೆ ತಿಳಿದಿರಬೇಕೆಂದಿಲ್ಲ. ಅವನು ಊರೊಳಗಿನ ಕರೆಗಷ್ಟೇ ಹಣ ಕೊಡುತ್ತಾನೆ. ಭಾರತದಿಂದ ಇಟಲಿಯವರೆಗಿನ ದಾರಿಯ ಖರ್ಚು ನಿಮ್ಮ ತಲೆಯ ಮೇಲೆ.

ಇನ್ನೊಂದು ವಿಚಿತ್ರವಿದೆ. ಸಂತ ಪೇತ್ರರ ಚೌಕದ ಈ ತುದಿಯಲ್ಲಿ ಗಂಡ, ಆ ತುದಿಯಲ್ಲಿ ಹೆಂಡತಿ. ಇಬ್ಬರ ಕೈಯಲ್ಲೂ ಭಾರತದ ಸಂಖ್ಯೆ. "ಎಲ್ಲಿದ್ದೀ?" ಎಂದು ಗಂಡ ಕರೆ ಮಾಡಿದರೆ ಅದು ಇಟಲಿಯಿಂದ ಭಾರತಕ್ಕೆ ಮಾಡಿದ ಕರೆಯ ಲೆಕ್ಕ. ಅಲ್ಲಿಂದ ಅದು ಮತ್ತೆ ಇಟಲಿಗೆ ಬಂದು ಹೆಂಡತಿಯ ಫೋನಿನಲ್ಲಿ ಬಾರಿಸುತ್ತದೆ. ಒಂದೇ ಚೌಕದೊಳಗಿನ ಮಾತಿಗೆ ಇಬ್ಬರೂ ಹಣ ತೆರಬೇಕು! ಪ್ಯಾಕ್ ಇಲ್ಲದೆ ಹೋದವರಲ್ಲಿ ಬಹಳ ಮಂದಿ ಹಣ ಕಳೆದುಕೊಳ್ಳುವುದು ಹೀಗೆ ಗುಂಪಿನೊಳಗಿನವರನ್ನೇ ಹುಡುಕುವುದರಲ್ಲಿ.

ಆದರೂ ನಮ್ಮ ಆ ಯುವಕನನ್ನು ಕೆಡಿಸಿದ್ದು ಮಾತಲ್ಲ, ಡೇಟಾ. ಅವನು ಜೇಬಿನಲ್ಲಿ ಫೋನಿಟ್ಟುಕೊಂಡು ಪ್ರಾರ್ಥನೆಯಲ್ಲಿದ್ದಾಗಲೂ ಫೋನು ತನ್ನ ಕೆಲಸ ಮಾಡುತ್ತಲೇ ಇತ್ತು. ತೆಗೆದ ಫೋಟೋಗಳನ್ನು ತಾನಾಗಿಯೇ ಇಂಟರ್‌ನೆಟ್ಟಿನ ಖಾತೆಗೆ ಏರಿಸುತ್ತಿತ್ತು, ಆ್ಯಪ್‌ಗಳನ್ನು ನವೀಕರಿಸುತ್ತಿತ್ತು, ವಾಟ್ಸಾಪಿನ ಹತ್ತು ಗುಂಪುಗಳ ಶುಭೋದಯ ಚಿತ್ರಗಳನ್ನೂ ವಿಡಿಯೋಗಳನ್ನೂ ಇಳಿಸಿಕೊಳ್ಳುತ್ತಿತ್ತು. ಪ್ಯಾಕ್ ಇಲ್ಲದ ದರ ಒಂದು ಎಂಬಿಗೆ ನೂರು ರೂಪಾಯಿ ಎಂದೇ ಇಟ್ಟುಕೊಳ್ಳಿ. ನಾಲ್ಕು ಎಂಬಿಯ ಒಂದೇ ಫೋಟೋ ಏರಿದರೆ ನಾನೂರು ರೂಪಾಯಿ ಆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನಮ್ಮ ದೇಶದಲ್ಲಿ ಡೇಟಾ ನೀರಿನಂತೆ ಅಗ್ಗವಾಯಿತು, ನಲ್ಲಿಯನ್ನು ಮುಚ್ಚುವ ಅಭ್ಯಾಸವೇ ನಮಗೆ ತಪ್ಪಿತು. ಆದ್ದರಿಂದ ವಿಮಾನ ಹತ್ತುವ ಮುನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ರೋಮಿಂಗ್' ಎಂಬುದನ್ನು ಆಫ್ ಮಾಡಿ. ವಾಟ್ಸಾಪಿನಲ್ಲಿ ಚಿತ್ರ, ವಿಡಿಯೋಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿ. ಫೋಟೋಗಳು ವೈಫೈ ಇದ್ದಾಗ ಮಾತ್ರ ಏರುವಂತೆ ಮಾಡಿ. ರೋಮಿನ ನಕ್ಷೆಯನ್ನು ಮನೆಯಲ್ಲಿಯೇ ಗೂಗಲ್ ಮ್ಯಾಪ್ಸಿನಲ್ಲಿ ಇಳಿಸಿಟ್ಟುಕೊಂಡರೆ ಅಲ್ಲಿ ಡೇಟಾ ಇಲ್ಲದೆಯೂ ದಾರಿ ಕಾಣುತ್ತದೆ. ಇಷ್ಟಕ್ಕೆ ಕಾಲು ಗಂಟೆ ಸಾಕು. ನಿಮಗೆ ಬಾರದಿದ್ದರೆ ಮನೆಯ ಮಕ್ಕಳಿಗೆ ಹೇಳಿ.

ಇನ್ನು, ಅಲ್ಲಿ ಮಾತನಾಡುವುದು ಹೇಗೆ? ಮೂರು ದಾರಿಗಳಿವೆ. ಹತ್ತು ದಿನಗಳೊಳಗಿನ ಯಾತ್ರೆಗೆ, ಅದರಲ್ಲೂ ಹಿರಿಯರಿಗೆ, ನಿಮ್ಮ ಭಾರತದ ಕಂಪನಿಯ ರೋಮಿಂಗ್ ಪ್ಯಾಕನ್ನೇ ಹಾಕಿಸುವುದು ಸುಲಭ. ಸಿಮ್ ಬದಲಿಸುವ ಗೋಜಿಲ್ಲ, ಊರಿನವರು ಹಳೆಯ ಸಂಖ್ಯೆಗೇ ಕರೆ ಮಾಡಬಹುದು. ಆದರೆ ಪ್ಯಾಕಿನಲ್ಲಿ ಯಾವ ಯಾವ ದೇಶಗಳಿವೆ ಎಂಬ ಪಟ್ಟಿಯನ್ನು ಕೊನೆಯ ಹೆಸರಿನವರೆಗೆ ಓದಬೇಕು. ದಿನಗಳ ಎಣಿಕೆ ಯಾವ ಗಳಿಗೆಯಿಂದ ಆರಂಭವಾಗುತ್ತದೆಂದೂ, ಒಳಬರುವ ಕರೆಗೆ ಎಷ್ಟು ನಿಮಿಷ ಕೊಟ್ಟಿದ್ದಾರೆಂದೂ ಕೇಳಿಕೊಳ್ಳಬೇಕು.

ಎರಡನೆಯದು, ಇಳಿದ ದೇಶದ ಸಿಮ್ ಕೊಳ್ಳುವುದು. ಇಟಲಿಯಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಿಮ್ ಸಿಗುತ್ತದೆ. ವಿಮಾನ ನಿಲ್ದಾಣದ ಅಂಗಡಿಗಿಂತ ಊರೊಳಗಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಅಗ್ಗ. ಆದರೆ ಗುಂಪಿನ ಬಸ್ಸು ನಿಮಗಾಗಿ ಕಾಯುತ್ತದೆಯೇ ಎಂಬುದನ್ನೂ ಯೋಚಿಸಿ! ತಿಂಗಳುಗಟ್ಟಲೆ ಮಗಳ ಮನೆಯಲ್ಲಿ ಉಳಿಯಲು ಹೋಗುವ ತಂದೆತಾಯಿಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಮೂರನೆಯದು ಇ-ಸಿಮ್. ಇದರಲ್ಲಿ ಕಾರ್ಡೇ ಇಲ್ಲ; ಕಳುಹಿಸಿದ ಚೌಕಾಕಾರದ ಕ್ಯೂಆರ್ ಚಿತ್ರವನ್ನು ಫೋನಿಗೆ ತೋರಿಸಿದರೆ ಸಿಮ್ ಫೋನಿನೊಳಗೆ ಕೂರುತ್ತದೆ. ಮನೆಯಲ್ಲಿ ವೈಫೈ ಇರುವಾಗಲೇ ಹಾಕಿಕೊಂಡು, ಅಲ್ಲಿ ಇಳಿದ ಮೇಲೆ ಚಾಲೂ ಮಾಡಬಹುದು. ಎಲ್ಲ ಫೋನುಗಳಲ್ಲೂ ಈ ಅನುಕೂಲವಿಲ್ಲ, ಮೊದಲೇ ನೋಡಿಕೊಳ್ಳಿ. ಯಾತ್ರಿಕರಿಗೆ ಮಾರುವ ಬಹಳಷ್ಟು ಇ-ಸಿಮ್‌ಗಳು ಡೇಟಾಕ್ಕೆ ಮಾತ್ರ. ಅವುಗಳಲ್ಲಿ ಕರೆಯ ಸಂಖ್ಯೆ ಇರುವುದಿಲ್ಲ. ಕೊಳ್ಳುವಾಗ ಮಾರುವವರು ಯಾರೆಂದೂ ವಿಚಾರಿಸಿ: ಭಾರತದಲ್ಲಿ ಮಾರಲು ಅನುಮತಿ ಪಡೆದಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಹೆಸರಾದ ಎರಡು ವಿದೇಶಿ ಇ-ಸಿಮ್ ಆ್ಯಪ್‌ಗಳನ್ನು ದೂರಸಂಪರ್ಕ ಇಲಾಖೆಯ ಸೂಚನೆಯಂತೆ ತಡೆಯಲಾಯಿತು.

ಎರಡು ಸಿಮ್ ಹಿಡಿಯುವ ಫೋನಿದ್ದವರಿಗೆ ನಾವು ಹೇಳುವುದಿಷ್ಟು. ಭಾರತದ ಸಿಮ್ ಒಳಗೇ ಇರಲಿ, ಅದರ ರೋಮಿಂಗ್ ಸೇವೆ ಚಾಲೂ ಇರಲಿ, ಅದರ ಡೇಟಾ ಮಾತ್ರ ಬಂದ್ ಇರಲಿ. ಡೇಟಾ ಎರಡನೆಯ ಸಿಮ್ಮಿನಿಂದ ನಡೆಯಲಿ. ವಾಟ್ಸಾಪ್ ಹಳೆಯ ಸಂಖ್ಯೆಯಲ್ಲಿಯೇ ಮುಂದುವರಿಯುತ್ತದೆ. ಸಂಖ್ಯೆ ಬದಲಿಸಬೇಕೇ ಎಂದು ಅದು ಕೇಳಿದರೆ ಬೇಡ ಎನ್ನಿ. ದಿನದ ಮಾತು ವಾಟ್ಸಾಪಿನಲ್ಲಿ ಆಗಲಿ. ಅದರ ಮಾತಿನ ಕರೆಗೆ ನಿಮಿಷಕ್ಕೆ ಒಂದು ಎಂಬಿಯ ಆಸುಪಾಸು ಸಾಕು, ಮುಖ ನೋಡುವ ಕರೆಗೆ ಅದರ ಹಲವು ಪಟ್ಟು ಬೇಕು. ಮೊಮ್ಮಕ್ಕಳ ಮುಖ ನೋಡುವುದನ್ನು ಹೋಟೆಲಿನ ವೈಫೈಗೆ ಇಟ್ಟುಕೊಳ್ಳಿ. ಭಾರತದ ಸಂಖ್ಯೆ ತುರ್ತಿಗೆ ಮಾತ್ರ ಎಂದು ಮನೆಯವರಿಗೆ ತಿಳಿಸಿ: ಆ ಸಂಖ್ಯೆ ಬಾರಿಸಿದರೆ ವಿಷಯ ಗಂಭೀರವೆಂದು ನಿಮಗೂ ತಿಳಿಯುತ್ತದೆ, ಆಗ ಹಣದ ಮುಖ ನೋಡದೆ ತೆಗೆದುಕೊಳ್ಳಿ. ಆ ಅಕ್ಕನಿಗೆ ಅಂದು ಬೇಕಾಗಿದ್ದದ್ದು ಎರಡು ನಿಮಿಷದ ಒಂದೇ ಕರೆ.

ಭಾರತದ ಸಿಮ್ ಜೊತೆಗಿರಬೇಕು ಎನ್ನುವುದಕ್ಕೆ ಬ್ಯಾಂಕಿನ ಕಾರಣವೂ ಇದೆ. ಕಾರ್ಡಿನಿಂದ ಹಣ ಕೊಡುವಾಗ ಬರುವ ಓಟಿಪಿ ಆ ಸಂಖ್ಯೆಗೇ ಬರುತ್ತದೆ. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣವಿಲ್ಲ. ಆದರೆ ಪ್ರೀಪೇಯ್ಡ್ ಸಿಮ್ಮಿನಲ್ಲಿ ರೋಮಿಂಗ್ ಚಾಲೂ ಮಾಡಿಸದೆ ಹೋದರೆ ಫೋನು ಅಲ್ಲಿನ ಜಾಲವನ್ನೇ ಹಿಡಿಯುವುದಿಲ್ಲ, ಓಟಿಪಿಯೂ ಇಲ್ಲ.

ಈಗ ಯುರೋಪಿನ ಗಡಿಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಐರೋಪ್ಯ ಒಕ್ಕೂಟವು 2007ರಲ್ಲಿ ಮೊದಲ ಬಾರಿಗೆ ರೋಮಿಂಗ್ ದರಕ್ಕೆ ಮಿತಿ ಹಾಕಿತು: ಮಾಡಿದ ಕರೆಗೆ ನಿಮಿಷಕ್ಕೆ 49 ಸೆಂಟ್, ಬಂದ ಕರೆಗೆ 24 ಸೆಂಟ್, ತೆರಿಗೆ ಬೇರೆ. ಹತ್ತು ವರ್ಷ ಇಳಿಸುತ್ತಾ ಬಂದು 2017ರ ಜೂನ್ 15ರಂದು ಹೆಚ್ಚುವರಿ ದರವನ್ನೇ ತೆಗೆದುಹಾಕಿತು. 2022ರಲ್ಲಿ ಈ ನಿಯಮವನ್ನು 2032ರವರೆಗೆ ಮುಂದುವರಿಸಿದರು. ಅಂದರೆ ರೋಮಿನಲ್ಲಿ ಕೊಂಡ ಸಿಮ್ ಲೂರ್ದಿನಲ್ಲೂ ಫಾತಿಮಾದಲ್ಲೂ ಇಟಲಿಯ ದರದಲ್ಲಿಯೇ ನಡೆಯುತ್ತದೆ. ಡೇಟಾ ಮಾತ್ರ ಇಟಲಿಯ ಹೊರಗೆ ಕಡಿಮೆ ಸಿಗಬಹುದು. ನೂರು ಜಿಬಿ ಎಂದು ಬರೆದಿದ್ದರೂ ಫ್ರಾನ್ಸಿನಲ್ಲಿ ಎಷ್ಟು ಎಂದು ಅಂಗಡಿಯಲ್ಲಿಯೇ ಕೇಳಿ. ಈ ಸೌಲಭ್ಯ ಅಲ್ಲಿನ ಸಿಮ್‌ಗಳಿಗೆ ಮಾತ್ರ. "ಯುರೋಪಿನಲ್ಲಿ ರೋಮಿಂಗ್ ಇಲ್ಲವಂತೆ" ಎಂದು ಕೇಳಿ ನಮ್ಮ ಭಾರತದ ಸಿಮ್ಮನ್ನು ತೆರೆದಿಟ್ಟವರುಂಟು. ಹಾಗೆಯೇ ಆ ಸಿಮ್ಮಿನಿಂದ ಭಾರತಕ್ಕೆ ಕರೆ ಮಾಡಿದರೆ ಅದು ಅಂತಾರಾಷ್ಟ್ರೀಯ ಕರೆ, ದರ ಬೇರೆ.

ಯುರೋಪೆಲ್ಲವೂ ಒಕ್ಕೂಟವಲ್ಲ. ಯಾತ್ರೆಯ ಕೊನೆಗೆ ಎರಡು ದಿನ ಹಿಮ ನೋಡಲೆಂದು ಗುಂಪುಗಳು ಸ್ವಿಟ್ಜರ್ಲೆಂಡಿಗೆ ಹೋಗುತ್ತವಲ್ಲ, ಆ ದೇಶ ಒಕ್ಕೂಟದಲ್ಲಿಲ್ಲ, ಈ ನಿಯಮ ಅಲ್ಲಿಗೆ ಸಲ್ಲದು. ಬಸ್ಸು ಗಡಿ ದಾಟಿದ್ದು ನಿಮಗೆ ಗೊತ್ತಾಗುವುದಿಲ್ಲ, ಫೋನಿಗೆ ಗೊತ್ತಾಗುತ್ತದೆ. ನಮ್ಮ ಯುವಕನ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ಆ ಎರಡು ದಿನಗಳದ್ದೇ. ಮೆಡ್ಜುಗೋರಿಗೆ ಹೋಗುವವರಿಗೂ ಇದೇ ಮಾತು. ವಿಮಾನ ಇಳಿಯುವುದು ಹೆಚ್ಚಾಗಿ ಕ್ರೊಯೇಷಿಯಾದ ಸ್ಪ್ಲಿಟ್ ಅಥವಾ ಡುಬ್ರೊವ್ನಿಕ್‌ನಲ್ಲಿ, ಅದು ಒಕ್ಕೂಟದ ದೇಶ. ಆದರೆ ಮೆಡ್ಜುಗೋರಿ ಇರುವುದು ಗಡಿಯಾಚೆಯ ಬೋಸ್ನಿಯಾ-ಹರ್ಜೆಗೋವಿನಾದಲ್ಲಿ, ಅದು ಒಕ್ಕೂಟದ ಹೊರಗೆ. ವ್ಯಾಟಿಕನ್ನಿಗೆ ಮಾತ್ರ ಚಿಂತೆ ಬೇಡ. ಅದು ಬೇರೆ ದೇಶವಾದರೂ ಫೋನು ಇಟಲಿಯ ಜಾಲವನ್ನೇ ಹಿಡಿಯುತ್ತದೆ.

ನಡುದಾರಿಯನ್ನೂ ಮರೆಯಬಾರದು. ಬೆಂಗಳೂರಿನಿಂದ ಹೊರಟ ವಿಮಾನ ದುಬೈಯಲ್ಲಿಯೋ ದೋಹಾದಲ್ಲಿಯೋ ಮೂರು ಗಂಟೆ ನಿಂತರೆ ಎಲ್ಲರ ಕೈಯೂ ಫೋನಿಗೆ ಹೋಗುತ್ತದೆ. ನಿಮ್ಮ ಪ್ಯಾಕಿನಲ್ಲಿ ಆ ದೇಶವಿಲ್ಲದಿದ್ದರೆ ಫ್ಲೈಟ್ ಮೋಡಿನಲ್ಲಿಯೇ ಇಟ್ಟು ನಿಲ್ದಾಣದ ಉಚಿತ ವೈಫೈ ಬಳಸಿ. ದುಬೈಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ವಾಟ್ಸಾಪ್ ಕರೆ ಸಾಮಾನ್ಯವಾಗಿ ಕೂಡುವುದಿಲ್ಲ, ಅದು ಅಲ್ಲಿನ ನಿಯಮ. ವಿಮಾನದೊಳಗೂ ದೊಡ್ಡ ಹಡಗುಗಳಲ್ಲೂ ಉಪಗ್ರಹದ ಮೂಲಕ ನಡೆಯುವ ಮೊಬೈಲ್ ಜಾಲಗಳಿರುತ್ತವೆ. ಅವುಗಳ ದರ ನೆಲದ ಮೇಲಿನ ಯಾವ ದೇಶಕ್ಕಿಂತಲೂ ಹೆಚ್ಚು.

ಗುಂಡಿಗಳ ಹಳೆಯ ಫೋನನ್ನೇ ನಂಬಿದ ಅಜ್ಜಂದಿರಿಗೆ ಒಂದು ಮಾತು. 2ಜಿ ಜಾಲವನ್ನು ಸ್ವಿಟ್ಜರ್ಲೆಂಡಿನಂಥ ದೇಶಗಳು ಮುಚ್ಚಿ ವರ್ಷಗಳಾದವು. ಅಲ್ಲಿ ಆ ಫೋನು ಗಡಿಯಾರವಾಗಿ ಮಾತ್ರ ಉಪಯೋಗಕ್ಕೆ ಬಂದೀತು. ಅವರ ಜೇಬಿನಲ್ಲಿ ಹೋಟೆಲಿನ ವಿಳಾಸ ಮತ್ತು ಮುಂದಾಳುವಿನ ಸಂಖ್ಯೆ ಬರೆದ ಚೀಟಿ ಇರಲಿ. ಯುರೋಪಿನ ಒಕ್ಕೂಟದ ಯಾವ ದೇಶದಲ್ಲಾದರೂ ತುರ್ತು ಸಂಖ್ಯೆ 112, ನಮ್ಮಲ್ಲಿರುವಂತೆಯೇ, ಅದಕ್ಕೆ ಹಣವಿಲ್ಲ.

ಮನೆಗೆ ಕರೆ ಮಾಡುವ ಹೊತ್ತನ್ನೂ ಗೊತ್ತುಮಾಡಿಕೊಳ್ಳಿ. ಇಟಲಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮನೆಯಲ್ಲಿ ರಾತ್ರಿ ಎಂಟಕ್ಕೆ ಜಪಸರ ಮುಗಿಯುವಾಗ ಬೇಸಿಗೆಯ ರೋಮಿನಲ್ಲಿ ಸಂಜೆ ನಾಲ್ಕೂವರೆ. ಲೂರ್ದಿನ ರಾತ್ರಿಯ ಮೇಣದಬತ್ತಿ ಮೆರವಣಿಗೆ ಮುಗಿಸಿ ಸಂತೋಷ ಹಂಚಿಕೊಳ್ಳಲು ಕರೆ ಮಾಡಿದರೆ ಊರಿನಲ್ಲಿ ನಡುರಾತ್ರಿ ಕಳೆದಿರುತ್ತದೆ. ಆ ಹೊತ್ತಿನಲ್ಲಿ ಫೋನು ಬಾರಿಸಿದರೆ ಮನೆಯವರ ಎದೆ ಒಡೆಯುತ್ತದೆ, ಬೆಳಿಗ್ಗೆ ಮಾಡಿ.

ಊರಿಗೆ ಬಂದ ಮೇಲೆ ಪೋಸ್ಟ್‌ಪೇಯ್ಡ್ ಇದ್ದವರು ರೋಮಿಂಗ್ ಸೇವೆಯನ್ನು ನಿಲ್ಲಿಸಿರುವುದನ್ನು ಖಚಿತಪಡಿಸಿಕೊಳ್ಳಿ, ಮುಂದಿನ ಎರಡು ಬಿಲ್ಲುಗಳನ್ನು ಸಾಲು ಸಾಲಾಗಿ ಓದಿ. ಹೊರದೇಶದ ಲೆಕ್ಕಗಳು ತಡವಾಗಿ ಬರುವುದುಂಟು.