ಮೊಣಕಾಲು ಬದಲಿಸುವ ಮುನ್ನ ಎಕ್ಸ್‌ರೇ ಏನು ಹೇಳುತ್ತದೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ಊರಿಗೆ ಹೋದರೂ ಮೊಣಕಾಲು ಹಿಡಿದು ‘ಯಾ ಅಲ್ಲಾಹ್’ ಎನ್ನುತ್ತಾ ಮೇಲೇಳುವ ಹಿರಿಯ ಹೆಂಗಸರು ಸಿಗುತ್ತಾರೆ. ತೊಗರಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದವರು, ನೆಲದ ಮೇಲೆ ಕುಳಿತು ರೊಟ್ಟಿ ಬಡಿದವರು, ಕೊಡ ಹೊತ್ತು ನೀರು ತಂದವರು. ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ನಾವು ಅವರ ನೋವಿನ ವಿಷಯ ಮುಗಿಸಿಬಿಡುತ್ತೇವೆ.

ಜೇವರ್ಗಿ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಖಾಲಾರಿಗೂ ಹಾಗೆಯೇ ಆಯಿತು. ಮೊದಲ ಸಲ ಎಕ್ಸ್‌ರೇ ತೆಗೆಸಿದಾಗ ಅವರನ್ನು ಮೇಜಿನ ಮೇಲೆ ಮಲಗಿಸಿದ್ದರು. ‘ಸ್ವಲ್ಪ ಸವೆತ, ಅಷ್ಟೇ’ ಎಂಬ ಮಾತು ಕೇಳಿ ಮನೆಯವರು ನಿಶ್ಚಿಂತರಾದರು. ಖಾಲಾ ಎರಡು ವರ್ಷ ನೋವಿನ ಮಾತ್ರೆ ನುಂಗಿದರು. ಹೊಟ್ಟೆಯಲ್ಲಿ ಉರಿ ಶುರುವಾಯಿತು, ಕಾಲು ಇನ್ನಷ್ಟು ಡೊಂಕಾಯಿತು. ಕಡೆಗೆ ಕಲಬುರಗಿಯಲ್ಲಿ ಮೂಳೆ ವೈದ್ಯರೊಬ್ಬರು, “ಅಮ್ಮಾ, ನಿಂತುಕೊಂಡು ಒಂದು ಎಕ್ಸ್‌ರೇ ತೆಗೆಸಿ” ಎಂದರು. ಆ ಚಿತ್ರದಲ್ಲಿ ಒಳಬದಿಯ ಸಂದು ಕಾಣಲೇ ಇಲ್ಲ. ಮೂಳೆಗೆ ಮೂಳೆ ತಾಗಿತ್ತು.

“ಬೇಟಾ, ಎರಡೂ ನನ್ನದೇ ಕಾಲು. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಎಲ್ಲ ಹೋಗಿದೆ. ಯಾವುದು ನಿಜ?” ಎಂದು ಖಾಲಾ ಕೇಳಿದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಮಲಗಿದಾಗ ಮುಚ್ಚಿಕೊಳ್ಳುವ ಸತ್ಯ

ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆ ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಪದರವಿದೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಖಾಲಿ ಜಾಗವನ್ನು ನೋಡಿ ಪದರ ಎಷ್ಟು ಉಳಿದಿದೆ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಮಲಗಿದಾಗ ಕಾಲಿನ ಮೇಲೆ ಮೈಭಾರವಿಲ್ಲ. ಹಾಗಾಗಿ ಸವೆದ ಕೀಲಿನಲ್ಲೂ ಜಾಗ ಇದ್ದಂತೆ ತೋರಬಹುದು. ನಿಂತಾಗ ಭಾರ ಬಿದ್ದು ನಿಜಸ್ಥಿತಿ ಹೊರಬರುತ್ತದೆ. ನಿಲ್ಲಲು ಸಾಧ್ಯವಿರುವವರ ಮೊಣಕಾಲು ಸವೆತವನ್ನು ಅಳೆಯಲು ನಿಂತು ತೆಗೆಸಿದ ಎಕ್ಸ್‌ರೇ ಬೇಕು ಎನ್ನುವುದು ಇದೇ ಕಾರಣಕ್ಕೆ.

1895ರಲ್ಲಿ ಜರ್ಮನಿಯ ವಿಜ್ಞಾನಿ ರೋಂಟ್ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದಾಗ ತೆಗೆದ ಪ್ರಸಿದ್ಧ ಚಿತ್ರ ಅವರ ಪತ್ನಿಯ ಕೈಯದು. ಬೆರಳ ಮೂಳೆಯ ಮೇಲೆ ಉಂಗುರ ಕರಿಯ ಮಚ್ಚೆಯಂತೆ ಕಾಣುತ್ತದೆ. ಆಗ ಮೂಳೆಯನ್ನು ನೋಡುವುದೇ ಬೆರಗಾಗಿತ್ತು. ಈಗ ಅದೇ ಚಿತ್ರದಿಂದ ವೈದ್ಯರು ಅಳತೆ ತೆಗೆಯುತ್ತಾರೆ.

ಕತ್ತರಿಗೆ ಮೊದಲು ಅಳತೆ

ಹೊಲಿಗೆ ಬಲ್ಲ ಸಹೋದರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವರುಂಟೇ? ಮೊಣಕಾಲು ಬದಲಾವಣೆ ಎಂದರೆ ಇಡೀ ಕೀಲನ್ನು ಕಿತ್ತು ಹಾಕುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸವೆದ ಮೂಳೆಯ ತುದಿಗಳಿಂದ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರಿನಷ್ಟು ತೆಗೆದು, ಆ ಜಾಗಕ್ಕೆ ಲೋಹದ ಕವಚ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಈ ತೆಳುವಾದ ಕತ್ತರಿಕೆ ಎಷ್ಟು ಓರೆ ಇರಬೇಕು ಎಂಬುದೇ ಮುಖ್ಯ.

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾನೆ. ವೈದ್ಯರು ಸೊಂಟದ ಕೀಲಿನಿಂದ ಪಾದದ ಕೀಲಿನವರೆಗೆ ಇಡೀ ಕಾಲಿನ ಉದ್ದ ಎಕ್ಸ್‌ರೇ ತೆಗೆಸಿ ಅಂಥದೇ ಗೆರೆ ಎಳೆಯುತ್ತಾರೆ. ನೆಟ್ಟಗಿನ ಕಾಲಿನಲ್ಲಿ ಈ ಗೆರೆ ಮೊಣಕಾಲಿನ ನಡುಭಾಗದ ಹತ್ತಿರ ಹಾದುಹೋಗುತ್ತದೆ. ಕಾಲು ಹೊರಕ್ಕೆ ಬಾಗಿದ್ದರೆ ಗೆರೆ ಒಳಬದಿಗೆ ಸರಿಯುತ್ತದೆ, ಭಾರವೆಲ್ಲ ಆ ಬದಿಯ ಮೇಲೆಯೇ ಬೀಳುತ್ತದೆ. ನಮ್ಮ ಕಡೆಯ ಅಜ್ಜಿಯರ ಡೊಂಕುಗಾಲಿನ ಲೆಕ್ಕ ಇದೇ.

ತೊಡೆಯ ಮೂಳೆ ಈ ಗೆರೆಗೆ ಸರಿಯಾಗಿ ನಿಂತಿರುವುದಿಲ್ಲ. ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಓರೆ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಓರೆ. ಎಲ್ಲರಿಗೂ ಒಂದೇ ಲೆಕ್ಕ ಹಿಡಿದರೆ ಕೆಲವರ ಹೊಸ ಕೀಲು ವಾರೆಯಾಗಿ ಕೂರಬಹುದು. ಹಾಗಾದರೆ ಭಾರ ಒಂದೇ ಬದಿಗೆ ಬಿದ್ದು ಪ್ಲಾಸ್ಟಿಕ್ ಬೇಗ ಸವೆಯುವ, ಕೀಲು ಸಡಿಲವಾಗುವ ಅಪಾಯವಿದೆ. ಅಳತೆಯೂ ಸರಿ ಇರಬೇಕು. ಹೆಂಗಸರ ಮೂಳೆ ಸಾಮಾನ್ಯವಾಗಿ ಚಿಕ್ಕದು. ಲೋಹ ಮೂಳೆಯ ಅಂಚು ದಾಟಿದರೆ ಸುತ್ತಲಿನ ಮಾಂಸಕ್ಕೆ ಒತ್ತಿ ನೋಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದರಿಂದ, ಗೊತ್ತಿರುವ ಅಳತೆಯ ಲೋಹದ ಗುಂಡೊಂದನ್ನು ಕಾಲಿನ ಪಕ್ಕದಲ್ಲಿಟ್ಟು ಚಿತ್ರ ತೆಗೆದು ಲೆಕ್ಕ ಸರಿಪಡಿಸುತ್ತಾರೆ.

ಸಿ.ಟಿ., ಎಂ.ಆರ್.ಐ., ರೋಬೋಟ್

ಕೆಲವು ರೋಬೋಟ್ ಯಂತ್ರಗಳಿಗೆ ಸಿ.ಟಿ. ಸ್ಕ್ಯಾನ್ ಬೇಕು. ಸೊಂಟ, ಮೊಣಕಾಲು, ಪಾದದ ಕೀಲುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಮೂಳೆಯ ಪೂರ್ಣ ಆಕಾರ ಮೂಡಿಸುತ್ತಾರೆ. ಯಾವ ಅಳತೆಯ ಕೀಲು, ಎಷ್ಟು ಓರೆ ಎಂದು ವೈದ್ಯರು ಮುಂಚೆಯೇ ಗೊತ್ತುಮಾಡುತ್ತಾರೆ. ಗುರುತು ಮಾಡಿದ ಎಲ್ಲೆ ದಾಟದಂತೆ ಯಂತ್ರ ತಡೆಯುತ್ತದೆ. ಇನ್ನು ಕೆಲವು ಯಂತ್ರಗಳಿಗೆ ಸ್ಕ್ಯಾನ್ ಬೇಡ. ಆಪರೇಷನ್ ನಡೆಯುವಾಗಲೇ ಮೂಳೆಯನ್ನು ಮುಟ್ಟಿ ನಕ್ಷೆ ಮಾಡಿಕೊಳ್ಳುತ್ತವೆ. ಎರಡರಲ್ಲೂ ಆಪರೇಷನ್ ಮಾಡುವವರು ವೈದ್ಯರೇ.

ಯಂತ್ರದಿಂದ ಕತ್ತರಿಕೆ ಹೆಚ್ಚು ನಿಖರವಾಗುತ್ತದೆ ನಿಜ. ಆದರೆ ನುರಿತ ಕೈಯ ಸಾಮಾನ್ಯ ಆಪರೇಷನ್ನಿಗಿಂತ ವರ್ಷಗಳ ನಂತರವೂ ರೋಗಿ ಹೆಚ್ಚು ಸುಖವಾಗಿರುತ್ತಾರೆ ಎಂಬುದು ಇನ್ನೂ ಸ್ಪಷ್ಟವಾಗಿ ಸಾಬೀತಾಗಿಲ್ಲ. ಜಾಹೀರಾತು ನೋಡಿ ಹೊಲ ಅಡವಿಡಬೇಡಿ. ಎಕ್ಸ್‌ರೇಯಲ್ಲಿ ಸವೆತ ಸ್ಪಷ್ಟವಾಗಿ ಕಾಣುವ ಹಿರಿಯರಿಗೆ ಸಾಮಾನ್ಯವಾಗಿ ಎಂ.ಆರ್.ಐ. ಬೇಕಾಗುವುದಿಲ್ಲ. ಬರೆದುಕೊಟ್ಟರೆ ಯಾಕೆಂದು ವಿನಯದಿಂದ ಕೇಳಿ.

ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರಿಗೆ 2000 ಮತ್ತು 2001ರಲ್ಲಿ ಮುಂಬೈಯಲ್ಲಿ ಎರಡೂ ಮೊಣಕಾಲುಗಳ ಬದಲಾವಣೆ ಮಾಡಿದ ಡಾ. ಚಿತ್ತರಂಜನ್ ರಾಣಾವತ್, 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಇಂದಿನ ಕೃತಕ ಮೊಣಕಾಲಿನ ಮೂಲ ವಿನ್ಯಾಸ ರೂಪಿಸಿದವರಲ್ಲಿ ಒಬ್ಬರು. ಅಂದು ದೊಡ್ಡವರಿಗೆ ಮಾತ್ರ ಎನಿಸಿದ್ದ ಚಿಕಿತ್ಸೆ ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಇದು ಕೀಲಿನ ಬೆಲೆ ಮಾತ್ರ, ಆಸ್ಪತ್ರೆಯ ಖರ್ಚು ಬೇರೆ. ಬಿಲ್ಲಿನಲ್ಲಿ ಎರಡನ್ನೂ ಬೇರೆಬೇರೆ ಬರೆಸಿಕೊಳ್ಳಿ. ಬಿ.ಪಿ.ಎಲ್. ಕಾರ್ಡ್ ಇದ್ದವರು ಸರಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿ.

ನಾಚಿಕೆ ಮತ್ತು ನಮಾಜ್

ಇಡೀ ಕಾಲಿನ ಎಕ್ಸ್‌ರೇ ಎಂದರೆ ನಮ್ಮ ಹಿರಿಯರು ಹಿಂಜರಿಯುತ್ತಾರೆ. ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಬಹುದು. ಆಸ್ಪತ್ರೆಯ ಗೌನ್ ಅಥವಾ ಲೋಹದ ಹುಕ್ಕು, ಗುಂಡಿ ಇಲ್ಲದ ಸಡಿಲ ಬಟ್ಟೆ ಸಾಕಾಗಬಹುದು. ಕಾಲಿನ ಆಭರಣ ಮನೆಯಲ್ಲೇ ತೆಗೆದಿಡಿ. ಜೊತೆಗೆ ಹೋಗುವ ಸೊಸೆಯೋ ಮಗಳೋ ಗರ್ಭಿಣಿಯಾಗಿದ್ದರೆ ಎಕ್ಸ್‌ರೇ ಕೋಣೆಯ ಹೊರಗೆ ನಿಲ್ಲಲಿ.

ಖಾಲಾರ ದೊಡ್ಡ ಚಿಂತೆ ಬೇರೆಯೇ ಇತ್ತು. “ಸಜ್ದಾ ಮಾಡೋಕ್ಕಾಗಲ್ಲ ಅಂದ್ರೆ ಈ ಆಪರೇಷನ್ ಯಾಕೆ?” ಹೊಸ ಮೊಣಕಾಲನ್ನು ಪೂರ್ತಿ ಮಡಚಿ ಕೂರುವುದು, ಮೊಣಕಾಲೂರುವುದು ಹಲವರಿಗೆ ಕಷ್ಟ. ಎಷ್ಟರಮಟ್ಟಿಗೆ ಆದೀತು ಎಂಬುದನ್ನು ವೈದ್ಯರ ಹತ್ತಿರ ಮೊದಲೇ ಕೇಳಬೇಕು. ನಿಂತು ಆಗದವರು ಕುಳಿತು, ಕುಳಿತೂ ಆಗದವರು ಮಲಗಿ ನಮಾಜ್ ಮಾಡಲು ಪ್ರವಾದಿಯವರು (ಸ) ಅನುಮತಿ ಕೊಟ್ಟಿದ್ದಾರೆ. ಅದನ್ನು ನೆನಪಿಸಿದಾಗ ಖಾಲಾ ಬಹಳ ಹೊತ್ತು ಸುಮ್ಮನಿದ್ದರು. ಎರಡು ವರ್ಷದಿಂದ ನೋವು ನುಂಗಿ ನೆಲದ ಮೇಲೆಯೇ ನಮಾಜ್ ಮಾಡುತ್ತಿದ್ದರು, ಯಾರೂ ಕೇಳಿರಲಿಲ್ಲ.

ಕೊನೆಯದಾಗಿ ಒಂದು ಮಾತು. ಚಿತ್ರದಲ್ಲಿ ಸವೆತ ಕಂಡ ಮಾತ್ರಕ್ಕೆ ಆಪರೇಷನ್ ಬೇಕೆಂದಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಕೈಗೋಲು, ವೈದ್ಯರು ಹೇಳಿದ ಔಷಧಿ ಇವುಗಳಿಂದ ಅನೇಕರು ವರ್ಷಗಟ್ಟಲೆ ಚೆನ್ನಾಗಿರುತ್ತಾರೆ. ಇದೆಲ್ಲ ಮಾಡಿಯೂ ರಾತ್ರಿ ನಿದ್ದೆ ಇಲ್ಲ, ಅಂಗಳ ದಾಟಲಾಗುವುದಿಲ್ಲ ಎಂದಾಗ ಆಪರೇಷನ್ನಿನ ಮಾತು. ಚಿತ್ರ ದಾರಿ ತೋರಿಸುತ್ತದೆ, ಹೊರಡಬೇಕೇ ಬೇಡವೇ ಎಂಬುದನ್ನು ರೋಗಿಯ ನೋವು ಹೇಳಬೇಕು.

ಖಾಲಾ ಈಗ ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುತ್ತಾರೆ, ಓಣಿಯ ಮದುವೆಗಳಿಗೆ ನಡೆದೇ ಹೋಗುತ್ತಾರೆ. ಈ ಸಲ ತವರಿಗೆ ಹೋದಾಗ ಅಮ್ಮಿಯ ಹಳೆಯ ಎಕ್ಸ್‌ರೇ ಹುಡುಕಿ ತೆಗೆಯಿರಿ. ನಿಲ್ಲಿಸಿ ತೆಗೆದದ್ದೋ ಮಲಗಿಸಿ ತೆಗೆದದ್ದೋ, ಮೊದಲು ಅದನ್ನು ಕೇಳಿ.